ಕ್ಯಾಟರಾಕ್ಟ್ ಅಂದ್ರೆ ಜಲಪಾತಾನಾ, ಪೊರೆನಾ? ಭಾನುವಾರದ ‘ಕಣ್ಣಿನ ಡಾಕ್ಟ್ರನ್ನ ಕೇಳಿ’

ಅಡ್ಮಿನ್: ಸಂಜೆ ಆರರಿಂದ ಕಣ್ಣಿನ ಡಾಕ್ಟ್ರು ಗುಂಪಲ್ಲಿರ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ದಯವಿಟ್ಟು ಫಾರ್ವರ್ಡ್ ಬೇಡ.

ಗುಬ್ಬಿ ಇಂಗ್ಲಿಷ್ ಮೇಷ್ಟ್ರು: ನಮಸ್ಕಾರ ಡಾಕ್ಟ್ರೇ. ನನ್ನದು ಕಾಯಿಲೆ ಪ್ರಶ್ನೆ ಅಲ್ಲ. ನೈಲ್ ನದಿಗೆ ಆರು ಕ್ಯಾಟರಾಕ್ಟ್ ಇವೆ ಅಂತ ಕ್ಲಾಸಲ್ಲಿ ಹೇಳ್ತಿದ್ದೆ. ಒಬ್ಬ ಹುಡುಗಿ ಎದ್ದು, ‘ಸಾರ್, ನಮ್ಮಜ್ಜಿಗೆ ಎರಡೇ ಇದ್ದಿದ್ದು, ಎರಡೂ ತೆಗೆಸಿದ್ವಿ’ ಅಂದ್ಲು. ಕ್ಲಾಸೆಲ್ಲ ಗೊಳ್ಳಂತ ನಗು. ನೀರಿಗೂ ಕಣ್ಣಿಗೂ ಎಲ್ಲಿಯ ನಂಟು ಇದು?

ಶಿರಾಗೇಟ್ ದಿನಸಿ ಅಂಗಡಿ: ಪೊರೆ ಆಪರೇಷನ್‌ಗೆ ಎಷ್ಟಾಗುತ್ತೆ ಸಾರ್?

ಡಾಕ್ಟ್ರು: ಜಿಲ್ಲಾಸ್ಪತ್ರೆಯಲ್ಲಿ ಉಚಿತ. ಖಾಸಗಿಯಲ್ಲಿ ಹಾಕೋ ಲೆನ್ಸಿನ ಮೇಲೆ ಹೋಗುತ್ತೆ.

ಡಾಕ್ಟ್ರು: ಮೇಷ್ಟ್ರೇ, ಇಷ್ಟು ವರ್ಷದಲ್ಲಿ ಯಾರೂ ನನ್ನನ್ನ ಇದನ್ನ ಕೇಳಿರಲಿಲ್ಲ. ಗ್ರೀಕಿನಲ್ಲಿ ‘ಕತರಾಕ್ಟೆಸ್’ ಅಂದ್ರೆ ರಭಸದಿಂದ ಕೆಳಕ್ಕೆ ಬೀಳೋದು. ಲ್ಯಾಟಿನ್‌ಗೆ ಬಂದು ‘ಕತರಾಕ್ಟ’ ಆಯ್ತು. ಅಲ್ಲಿ ಜಲಪಾತಕ್ಕೂ ಅದೇ ಮಾತು, ತೂಬಿನ ಬಾಗಿಲಿಗೂ ಅದೇ, ಕೋಟೆ ಬಾಗಿಲಿಗೆ ಮೇಲಿಂದ ದಡಾರ್ ಅಂತ ಇಳಿಬಿಡೋ ಜಾಲರಿ ಕದಕ್ಕೂ ಅದೇ. ಲ್ಯಾಟಿನ್ ಬೈಬಲ್ಲಿನ ನೋಹನ ಪ್ರಳಯದಲ್ಲಿ ಆಕಾಶದ ‘ಕತರಾಕ್ಟ’ಗಳು ತೆರೆದುಕೊಂಡವು ಅಂತ ಬರುತ್ತೆ. ನಮ್ಮ ಕೆರೆ ತೂಬು ಎತ್ತಿದ ಹಾಗೆ ಅಂದ್ಕೊಳ್ಳಿ.

ಇನ್ನು ಕಣ್ಣು. ತಲೆಯಿಂದ ಏನೋ ಕೆಟ್ಟ ನೀರು ಇಳಿದು ಪಾಪೆ ಹಿಂದೆ ಹೆಪ್ಪುಗಟ್ಟುತ್ತೆ, ಅದಕ್ಕೇ ದೃಷ್ಟಿ ಮಂಜಾಗುತ್ತೆ ಅಂತ ಹಳೇ ವೈದ್ಯರ ಎಣಿಕೆ. ಅರಬ್ಬಿ ವೈದ್ಯರು ಇದನ್ನ ‘ನೀರಿಳಿಯೋದು’ ಅಂತಲೇ ಕರೆದರು. 11ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಅನ್ನೋ ಸನ್ಯಾಸಿ ಆ ಗ್ರಂಥಗಳನ್ನ ಲ್ಯಾಟಿನ್‌ಗೆ ತಂದಾಗ ಅದಕ್ಕೆ ‘ಕತರಾಕ್ಟ’ ಅಂತ ಬರೆದ. ನೋಟಕ್ಕೆ ಅಡ್ಡ ಇಳಿದ ಕೋಟೆ ಕದ ಅಂತ ಅರ್ಥ ಮಾಡೋರೂ ಇದ್ದಾರೆ. ಎರಡೂ ಚೆನ್ನಾಗೇ ಇವೆ, ಎರಡೂ ಸುಳ್ಳು. 1705ರಲ್ಲಿ ಫ್ರಾನ್ಸಿನ ವೈದ್ಯ ಬ್ರಿಸೋ ಸತ್ತ ಸೈನಿಕನೊಬ್ಬನ ಕಣ್ಣು ಬಿಡಿಸಿ ನೋಡಿದ. ನೀರೂ ಇಲ್ಲ, ಪರದೆಯೂ ಇಲ್ಲ, ಒಳಗಿನ ಲೆನ್ಸೇ ಮಬ್ಬಾಗಿತ್ತು. ಕಾರಣ ಗೊತ್ತಾಯ್ತು, ಹೆಸರು ಹಾಗೇ ಉಳೀತು.

ಗುಬ್ಬಿ ಇಂಗ್ಲಿಷ್ ಮೇಷ್ಟ್ರು: ಆಹಾ! ಹಂಗಾದ್ರೆ ಲೆನ್ಸ್?

ಡಾಕ್ಟ್ರು: ಬೇಳೆ! ಲ್ಯಾಟಿನ್‌ನಲ್ಲಿ ಲೆನ್ಸ್ ಅಂದ್ರೆ ಚನ್ನಂಗಿ ಬೇಳೆ, ಆಕಾರ ನೋಡಿ ಇಟ್ಟಿದ್ದು. ನಿಮ್ಮ ವಿಜ್ಞಾನ ಪುಸ್ತಕದ ‘ಮಸೂರ’ವೂ ಅದೇ ಬೇಳೆ. ಕಣ್ಣಿನ ಪಾಪೆಗೆ ಇಂಗ್ಲಿಷಲ್ಲಿ ಪ್ಯೂಪಿಲ್, ಅದರ ಲ್ಯಾಟಿನ್ ಮೂಲಕ್ಕೆ ಪುಟ್ಟ ಬೊಂಬೆ ಅಂತ ಅರ್ಥ. ಎದುರಿಗಿರೋರ ಕಣ್ಣಲ್ಲಿ ನಿಮ್ಮ ಮುಖ ಬೊಂಬೆ ಥರ ಕಾಣುತ್ತಲ್ಲ, ಅದು. ನಮ್ಮ ‘ಪಾಪೆ’ಗೂ ಬೊಂಬೆ ಅಂತಲೇ ಅರ್ಥ. ನಿಮ್ಮ ಕ್ಲಾಸಿನ ಪ್ಯೂಪಿಲ್, ಅಂದ್ರೆ ವಿದ್ಯಾರ್ಥಿ, ಈ ಬೊಂಬೆಗೆ ದಾಯಾದಿ.

ನಿವೃತ್ತ ಕನ್ನಡ ಪಂಡಿತರು: ನಮ್ಮ ‘ಪೊರೆ’ ಏನು ಕಮ್ಮಿಯೇ? ಹಾವು ಬಿಡುವುದೂ ಪೊರೆ, ಕಣ್ಣಿಗೆ ಬರುವುದೂ ಪೊರೆ. ಕ್ರಿಯಾಪದವಾದರೆ ಕಾಪಾಡು, ಸಲಹು!

ಪಾವಗಡ: ನಮ್ ಕಡೆ ತೆಲುಗಲ್ಲಿ ಶುಕ್ಲ ಅಂತಾರೆ.

ಡಾಕ್ಟ್ರು: ಪಂಡಿತರೇ, ಆ ‘ಪೊರೆ’ಯಿಂದಲೇ ನನಗೆ ತಲೆನೋವು. ಹಾವಿನ ಪೊರೆ ಥರ ಮೇಲೆ ಅಂಟಿಕೊಂಡಿದೆ, ಏನಾದ್ರೂ ಬಿಟ್ಟರೆ ಕರಗುತ್ತೆ, ಕೆರೆದರೆ ಬರುತ್ತೆ ಅಂತ ಜನ ಕೂತಿದ್ದಾರೆ. ಮೇಲೆ ಏನೂ ಇಲ್ಲ. ಮೊಟ್ಟೆ ಬೆಂದರೆ ಬಿಳಿ ಹೇಗೆ ಗಟ್ಟಿಯಾಗುತ್ತೋ, ಒಳಗಿನ ಲೆನ್ಸ್ ಹಾಗಾಗಿರುತ್ತೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗಲ್ಲ. ತೆಗೆದು ಬೇರೆ ಹಾಕಬೇಕು ಅಷ್ಟೆ.

ಕ್ಯಾತಸಂದ್ರ: *ಫಾರ್ವರ್ಡ್* ಆಪರೇಷನ್ ಇಲ್ಲದೆ ಪೊರೆ ಮಾಯ!! ಈರುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ಜೇನುತುಪ್ಪ ಸಮಸಮ ಬೆರೆಸಿ ದಿನಕ್ಕೆ ಎರಡು ಹನಿ. ಹತ್ತು ಜನಕ್ಕೆ ಕಳಿಸಿ.

ಡಾಕ್ಟ್ರು: ಇದನ್ನ ಕಣ್ಣಿಗಲ್ಲ, ಕೋಸಂಬರಿಗೆ ಹಾಕಿ.

ಕ್ಯಾತಸಂದ್ರ: ನಮ್ಮಜ್ಜಿ ನಂದಿಬಟ್ಟಲು ರಸ ಬಿಡ್ತಿದ್ರು. ಏನೂ ಆಗಿರ್ಲಿಲ್ಲ.

ಡಾಕ್ಟ್ರು: ಏನೂ ಆಗದೆ ಇದ್ದೋರ ಮೊಮ್ಮಕ್ಕಳು ಗುಂಪಲ್ಲಿ ಬರೀತಾರೆ. ಹುಣ್ಣಾದೋರು ನನ್ನ ಹತ್ರ ಬರ್ತಾರೆ.

ತಿಪಟೂರು ಕೊಬ್ಬರಿ: ಪೊರೆ ಬಲಿಯೋ ತನಕ ಕಾಯ್ಬೇಕಾ ಸಾರ್?

ಡಾಕ್ಟ್ರು: ಬೇಡ. ಅದು ಹಳೇ ಕಾಲದ ಮಾತು.

ಮಧುಗಿರಿ: ಸಾರ್, ನಮ್ಮವ್ವನಿಗೆ 71. ಎಡಗಣ್ಣಲ್ಲಿ ಪೊರೆ ಬಂದು ಮೂರು ವರ್ಷ ಆಯ್ತು, ಬಲೀಲಿ ಅಂತ ಬಿಟ್ಟಿದ್ವಿ. ನೆನ್ನೆ ರಾತ್ರಿಯಿಂದ ಕಣ್ಣು ಕೆಂಡ ಆಗೈತೆ. ಅರ್ಧ ತಲೆ ಸಿಡೀತೈತೆ ಅಂತಾರೆ, ಎರಡು ಸಲ ವಾಂತಿ. ಪಿತ್ತ ಅಂತ ನಿಂಬೆಹಣ್ಣಿನ ಶರಬತ್ತು ಕೊಟ್ವಿ. ಮೇಲಿನ ಈರುಳ್ಳಿ ರಸ ಈಗಷ್ಟೇ ಬಿಟ್ವಿ. ದಿನಕ್ಕೆ ಎಷ್ಟು ಸಲ ಬಿಡ್ಬೇಕು?

ಡಾಕ್ಟ್ರು: ಒಂದು ಹನಿಯೂ ಬೇಡ. ಕುದಿಸಿ ಆರಿಸಿದ ನೀರಲ್ಲಿ ಈಗಲೇ ಕಣ್ಣು ತೊಳೀರಿ, ಉಜ್ಜಬೇಡಿ. ಒಂದು ಕೆಲಸ ಮಾಡಿ: ಬಲಗಣ್ಣು ಅಂಗೈಲಿ ಮುಚ್ಚಿ, ಎಡಗಣ್ಣಿಗೆ ಮೊಬೈಲ್ ಟಾರ್ಚ್ ಹಿಡೀರಿ. ಬೆಳಕು ಗೊತ್ತಾಗುತ್ತಾ? ಯಾವ ಕಡೆಯಿಂದ ಅಂತ ಹೇಳ್ತಾರಾ?

ಕ್ಯಾತಸಂದ್ರ: ಸುಶ್ರುತರು ಆ ಕಾಲದಲ್ಲೇ ಪೊರೆ ತೆಗೀತಿದ್ರು. ಗ್ರೀಕು ಲ್ಯಾಟಿನ್ ಎಲ್ಲ ಆಮೇಲೆ.

ಗುಬ್ಬಿ ಇಂಗ್ಲಿಷ್ ಮೇಷ್ಟ್ರು: ಸುಶ್ರುತರು ಈರುಳ್ಳಿ ರಸ ಬಿಟ್ರಾ, ಶಸ್ತ್ರ ಹಿಡಿದ್ರಾ?

ಕ್ಯಾತಸಂದ್ರ: ಇಂಗ್ಲಿಷ್ ಕಲ್ಸೋರಿಗೆ ನಮ್ದೆಲ್ಲ ತಮಾಷೆ.

ಡಾಕ್ಟ್ರು: ಶಸ್ತ್ರ ಹಿಡಿದ್ರು. ಸೂಜಿಯಂಥ ಸಲಾಕೆಯಿಂದ ಮಬ್ಬು ಲೆನ್ಸನ್ನ ಪಕ್ಕಕ್ಕೆ ತಳ್ಳೋ ವಿಧಾನ ಅದು. ಲೆನ್ಸನ್ನೇ ಹೊರಗೆ ತೆಗೆಯೋ ಆಪರೇಷನ್ 1747ರಲ್ಲಿ ಫ್ರಾನ್ಸಿನ ವೈದ್ಯ ದಾವಿಯೆಲ್ ಮಾಡಿದ್ದು. ಸಾಕು ಇದು. ಮಧುಗಿರಿ, ಎಲ್ಲಿದ್ದೀರಿ?

ಕುಣಿಗಲ್: ಸಕ್ಕರೆ ಕಾಯಿಲೆ ಇದ್ರೆ ಆಪರೇಷನ್ ಮಾಡ್ತಾರಾ?

ಮಧುಗಿರಿ: ಬೆಳಕು ಗೊತ್ತಾಗ್ತೈತೆ ಸಾರ್. ದೀಪದ ಸುತ್ತ ಬಣ್ಣದ ಬಳೆ ಕಂಡಂಗೆ ಅಂತಾರೆ. ಬುಧವಾರ ಕರ್ಕೊಂಡು ಬರ್ಲಾ? ನಾಳೆ ನಾಡಿದ್ದು ಕೊಯ್ಲಿಗೆ ಆಳು ಹೇಳಿದೀನಿ.

ಡಾಕ್ಟ್ರು: ಬುಧವಾರಕ್ಕೆ ಆ ಕಣ್ಣು ಇರಲಿಕ್ಕಿಲ್ಲ. ಇದು ಪಿತ್ತ ಅಲ್ಲ. ಅತಿಯಾಗಿ ಬಲಿತ ಲೆನ್ಸ್ ಊದಿಕೊಂಡು ಒಳಗಿನ ನೀರು ಹೊರಹೋಗೋ ದಾರಿ ಕಟ್ಟುತ್ತೆ, ಇಲ್ಲ ಸೋರಿ ಆ ದಾರೀನ ಮುಚ್ಚುತ್ತೆ. ನೀರು ಒಳಗೇ ನಿಂತು ಒತ್ತಡ ಏರುತ್ತೆ. ತಲೆ ಸಿಡಿಯೋದು, ವಾಂತಿ, ಬಣ್ಣದ ಬಳೆ ಎಲ್ಲ ಅದರದ್ದೇ. ಒತ್ತಡ ಹಿಂದಿನ ನರಾನ ಹಿಂಡ್ತಾ ಹೋಗುತ್ತೆ. ಲೆನ್ಸ್ ಬದಲಾಯಿಸಬಹುದು, ಸತ್ತ ನರ ಬದಲಾಯಿಸೋಕ್ಕಾಗಲ್ಲ. ಲೆಕ್ಕ ಗಂಟೆಯದ್ದು, ದಿನದ್ದಲ್ಲ. ಮೊದಲು ಔಷಧಿ ಕೊಟ್ಟು ಒತ್ತಡ ಇಳಿಸ್ತೀವಿ, ಆಮೇಲೆ ಲೆನ್ಸ್. ಗಾಡಿ ಮಾಡಿ ಈಗಲೇ ಹೊರಡಿ. ಬಿಪಿ, ಸಕ್ಕರೆ ಮಾತ್ರೆ ಚೀಟಿ ಜೊತೆಗಿರಲಿ.

ಮಧುಗಿರಿ: ರಾತ್ರಿ ಹೊತ್ತು ಸಾರ್...

ಡಾಕ್ಟ್ರು: ಕಣ್ಣಿನ ನರಕ್ಕೆ ರಾತ್ರಿ ಹಗಲು ಗೊತ್ತಿಲ್ಲಪ್ಪ. ಹೊರಡಿ.

ಕ್ಯಾತಸಂದ್ರ: ಹೆದರಿಸಿ ಹೆದರಿಸಿ ಆಪರೇಷನ್ ಮಾಡೋದು ಇವರ ವ್ಯಾಪಾರ.

ಗುಬ್ಬಿ ಇಂಗ್ಲಿಷ್ ಮೇಷ್ಟ್ರು: ನೀವು ಹಾಕಿದ ರಸ ಆಯಮ್ಮನ ಕಣ್ಣಲ್ಲಿದೆ. ಸ್ವಲ್ಪ ಬಾಯಿ ಮುಚ್ಕೊಂಡಿರಿ.

ಕ್ಯಾತಸಂದ್ರ: ಮೇಷ್ಟ್ರೇ, ಮಾತು ನೆಟ್ಟಗಿರಲಿ!

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಆ ಫಾರ್ವರ್ಡ್ ಅಳಿಸಿದೀನಿ.

ಪಾವಗಡ: ಅಳಿಸಿದ್ರೆ ಏನು ಬಂತು, ಆಗ್ಲೇ ನಾಲ್ಕು ಗುಂಪಲ್ಲಿ ನೋಡ್ದೆ.

ನಿವೃತ್ತ ಕನ್ನಡ ಪಂಡಿತರು: ‘ಶುಕ್ಲ’ ಎಂದರೆ ಬಿಳುಪು. ಹಿಂದಿಯ ‘ಮೋತಿಯಾಬಿಂದ್’ ಎಂದರೆ ಮುತ್ತಿನ ಹನಿ. ಇದನ್ನೂ ಡಾಕ್ಟರು ವಿವರಿಸಬಹುದಿತ್ತು.

ಡಾಕ್ಟ್ರು: ಇನ್ನೊಂದು ಭಾನುವಾರ ಪಂಡಿತರೇ. ಆಸ್ಪತ್ರೆಗೆ ಹೊರಟಿದೀನಿ.

ಶಿರಾಗೇಟ್ ದಿನಸಿ ಅಂಗಡಿ: ಆಪರೇಷನ್‌ಗೆ ಅಂದಾಜು ಎಷ್ಟು ಅಂತ ಹೇಳ್ಲೇ ಇಲ್ಲ.

ಮಧುಗಿರಿ: ಕೊರಟಗೆರೆ ದಾಟಿದ್ವಿ ಸಾರ್. ಅವ್ವ ಮತ್ತೆ ವಾಂತಿ ಮಾಡ್ಕೊಂಡ್ರು.

ಡಾಕ್ಟ್ರು: ಬನ್ನಿ. ಎಮರ್ಜೆನ್ಸಿ ಬಾಗಿಲಲ್ಲಿ ನಿಂತಿರ್ತೀನಿ. ದಾರೀಲಿ ಕಣ್ಣು ಕಟ್ಟಬೇಡಿ.

ಕುಣಿಗಲ್: ಸಕ್ಕರೆ ಕಾಯಿಲೆ ಪ್ರಶ್ನೆ??

ತಿಪಟೂರು ಕೊಬ್ಬರಿ: ಆಪರೇಷನ್ ಆದ್ಮೇಲೆ ಎಷ್ಟು ದಿನಕ್ಕೆ ತಲೆಗೆ ನೀರು ಹಾಕ್ಕೋಬಹುದು ಸಾರ್?