ಇಪ್ಪತ್ತು ವರ್ಷ ಕಳೆದ ಮೇಲೆ ‘ಸ್ಪೈಡರ್-ಮ್ಯಾನ್ 2’: ಯಾವ ಆವೃತ್ತಿ ಹಿಡಿಯಲಿ?

ಕೇಳಿದ್ದು

2004ರ ‘ಸ್ಪೈಡರ್-ಮ್ಯಾನ್ 2’ ವಿಡಿಯೊ ಆಟವನ್ನು ಶಾಲೆಯ ದಿನಗಳಲ್ಲಿ ಪ್ಲೇಸ್ಟೇಷನ್ 2 ಕನ್ಸೋಲ್‌ನಲ್ಲಿ (ಟಿವಿಗೆ ಜೋಡಿಸಿ ಆಡುವ ಯಂತ್ರ) ಅರ್ಧ ಆಡಿ ಬಿಟ್ಟಿದ್ದೆ. ಈಗ ಮುಗಿಸುವ ಆಸೆ ಹುಟ್ಟಿದೆ. ಹುಡುಕಿದರೆ ಅದೇ ಹೆಸರಿನಲ್ಲಿ ಹಲವು ಆವೃತ್ತಿಗಳಿವೆ. ಕೈಯಲ್ಲಿ ಹಿಡಿದು ಆಡುವಂಥದ್ದಾದರೆ ನನಗೆ ಅನುಕೂಲ. ಈಚೆಗೆ ಮತ್ತೆ ಆಡಿದವರು ಅನುಭವ ಹೇಳಿ. ನೆನಪಿನಲ್ಲಿರುವಷ್ಟು ಚೆನ್ನಾಗಿಲ್ಲದಿದ್ದರೆ ಎಂಬ ಅಳುಕೂ ಇದೆ.

ಉತ್ತರ 1

ಹೆಸರು ಒಂದೇ, ಆಟ ಬೇರೆ ಬೇರೆ. ನೀವು ಆಡಿದ್ದನ್ನು ರೂಪಿಸಿದ್ದು ಟ್ರೇಯಾರ್ಕ್ ಎಂಬ ಕಂಪನಿ. ಅದೇ ಆಟ ಎಕ್ಸ್‌ಬಾಕ್ಸ್, ಗೇಮ್‌ಕ್ಯೂಬ್ ಎಂಬ ಕನ್ಸೋಲ್‌ಗಳಿಗೂ ಬಂದಿತ್ತು. ನ್ಯೂಯಾರ್ಕಿನ ಮ್ಯಾನ್‌ಹಟನ್ ಪೂರ್ತಿ ತೆರೆದುಕೊಳ್ಳುವ ಆ ಆಟ ಬೇಕಿದ್ದರೆ ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಕಂಪ್ಯೂಟರಿಗೆ ಬಂದದ್ದು ಮಕ್ಕಳಿಗೆಂದು ಸರಳಗೊಳಿಸಿದ ಇನ್ನೊಂದು ಆಟ. ಬಲೆ ಎಲ್ಲಿಗೆ ಅಂಟಬೇಕೆಂದು ಅದೇ ಗುರುತು ಹಾಕಿ ತೋರಿಸುತ್ತದೆ. ಹೆಸರು ನೋಡಿ ಕೊಂಡು ನಾನು ಪೆಚ್ಚಾದವನು, ನೀವು ಆಗಬೇಡಿ.

ಕೈಯಲ್ಲಿ ಹಿಡಿದು ಆಡುವ ಯಂತ್ರಗಳಾದ ಪಿಎಸ್‌ಪಿ ಮತ್ತು ನಿಂಟೆಂಡೊ ಡಿಎಸ್ ಆವೃತ್ತಿಗಳನ್ನು ಮಾಡಿದ್ದು ವಿಕೇರಿಯಸ್ ವಿಷನ್ಸ್ ಎಂಬ ಇನ್ನೊಂದು ಕಂಪನಿ. ಪಿಎಸ್‌ಪಿಯದರಲ್ಲಿ ಚಿತ್ರ ಸೊಗಸಾಗಿದೆ, ಆದರೆ ಹಂತ ಹಂತವಾಗಿ ಸಾಗುವ ಆಟ. ಊರು ಸುತ್ತಲು ಬಿಡುವುದಿಲ್ಲ.

ಉತ್ತರ 2

ಅಳುಕಿನ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಕಳೆದ ವರ್ಷ ಮತ್ತೆ ಆಡಿದೆ. ಉಪಕಾರ್ಯಗಳು ನಿಜಕ್ಕೂ ಸಪ್ಪೆ. ಕಥೆ ಮುಂದೆ ಹೋಗಬೇಕಾದರೆ ಇಂತಿಷ್ಟು ‘ಹೀರೊ ಪಾಯಿಂಟ್’ ಗಳಿಸಿ ಎನ್ನುತ್ತದೆ; ಗಳಿಸಲು ಅದೇ ಕಳ್ಳರು, ಅದೇ ಓಡುವ ಕಾರು, ಬಲೂನು ಹಾರಿಹೋಯಿತೆಂದು ಅಳುವ ಅದೇ ಮಗು.

ಆದರೆ ಬಲೆ ಹಿಡಿದು ಜೀಕುವುದಿದೆಯಲ್ಲ, ಅದು ಮಾಸಿಲ್ಲ. ಇದಕ್ಕೆ ಮುಂಚೆ 2002ರಲ್ಲಿ ಬಂದ ‘ಸ್ಪೈಡರ್-ಮ್ಯಾನ್’ ಆಟದಲ್ಲಿ ಬಲೆ ಬರಿಯ ಆಕಾಶಕ್ಕೆ ಅಂಟುತ್ತಿತ್ತು, ಬೀದಿಗೆ ಬಿದ್ದರೆ ಆಟ ಮುಗಿಯಿತು. ಇದರಲ್ಲಿ ಬಲೆಗೆ ನಿಜವಾದ ಗೋಡೆ ಬೇಕು. ಎಡಗಡೆಯ ಕಟ್ಟಡಕ್ಕೆ ಅಂಟಿದರೆ ಎಡಕ್ಕೆ ವಾಲುತ್ತೀರಿ. ಉಯ್ಯಾಲೆಯ ಹಾಗೆ ತಳದಲ್ಲಿ ವೇಗ ಕೂಡುತ್ತದೆ. ಮೇಲೇರುವಾಗ ಸರಿಯಾದ ಕ್ಷಣಕ್ಕೆ ಬಲೆ ಬಿಟ್ಟರೆ ಮುಂದಿನ ಬೀದಿಯವರೆಗೂ ಹಾರುತ್ತೀರಿ, ಬೇಗ ಬಿಟ್ಟರೆ ಯಾವುದಾದರೂ ಕಿಟಕಿಗೆ ಮುಖ ಕೊಡುತ್ತೀರಿ. ಎತ್ತರದ ಕಟ್ಟಡವಿಲ್ಲದ ಸೆಂಟ್ರಲ್ ಪಾರ್ಕಿನಲ್ಲಿ ತಾನೇತಾನಾಗಿ ನೆಲದ ಹತ್ತಿರಕ್ಕೆ ಇಳಿಯಬೇಕಾಗುತ್ತದೆ. ಈ ಜೀಕಾಟದ ಹಿಂದೆ ಜೇಮಿ ಫ್ರಿಸ್ಟ್ರಮ್ ಎಂಬ ವಿನ್ಯಾಸಕಾರರ ಹಟವಿತ್ತು. ಈಗಿನ ಆಟಗಳಲ್ಲಿ ಗುಂಡಿ ಒತ್ತಿ ಹಿಡಿದರೆ ಸಾಕು, ಉಳಿದದ್ದನ್ನು ಆಟವೇ ಸಂಭಾಳಿಸುತ್ತದೆ. ಆ ಅಭ್ಯಾಸದ ಬೆರಳುಗಳಿಗೆ ಮೊದಲ ಅರ್ಧ ಗಂಟೆ ಕಷ್ಟ. ಆ ಹೊತ್ತಿನಲ್ಲಿ ಕಥೆಯ ಗೊಡವೆಗೆ ಹೋಗದೆ ಸುಮ್ಮನೆ ಜೀಕಿ. ನಡುನಡುವೆ ನಟ ಬ್ರೂಸ್ ಕ್ಯಾಂಪ್‌ಬೆಲ್ ದನಿ ನಿಮ್ಮನ್ನು ಕಿಚಾಯಿಸುತ್ತಾ ಪಾಠ ಹೇಳುತ್ತದೆ.

ಮೊದಲು ಸಿಕ್ಕ ಪಾಯಿಂಟ್‌ಗಳನ್ನೆಲ್ಲ ಜೀಕುವ ವೇಗಕ್ಕೇ ಸುರಿಯಿರಿ. ಹೊಡೆದಾಟದ ಪಟ್ಟುಗಳು ಆಮೇಲೆ ಬರಲಿ. ಖಳನಾಯಕ ಮಿಸ್ಟೀರಿಯೊ ಅಂಗಡಿಯಲ್ಲಿ ಎದುರಾಗುವ ದೃಶ್ಯದವರೆಗಾದರೂ ಬಿಡಬೇಡಿ. ಅವನ ಶಕ್ತಿಯ ಪಟ್ಟಿ ತುಂಬುತ್ತಲೇ ಹೋಗುತ್ತದೆ, ನೀವು ಕಂಟ್ರೋಲರ್ ಬಿಗಿಯಾಗಿ ಹಿಡಿಯುತ್ತೀರಿ... ಮುಂದಿನದನ್ನು ನಾನು ಹೇಳಿದರೆ ಪಾಪ ತಟ್ಟುತ್ತದೆ.

ಉತ್ತರ 3

ಪಿಎಸ್‌2 (ಪ್ಲೇಸ್ಟೇಷನ್ 2) ಡಿಸ್ಕ್ ಕೊಳ್ಳುವುದಾದರೆ ಜಗತ್ತಿನ ಯಾವ ವಲಯದಲ್ಲಿ ಮಾರಲೆಂದು ಮಾಡಿದ್ದು ಎಂದು ನೋಡಿಕೊಳ್ಳಿ. ಬೇರೆ ವಲಯದ ಡಿಸ್ಕ್ ನಿಮ್ಮ ಕನ್ಸೋಲ್‌ನಲ್ಲಿ ಓಡುವುದಿಲ್ಲ; ನಾನು ಒಮ್ಮೆ ಹೀಗೆ ದುಡ್ಡು ಕಳೆದಿದ್ದೇನೆ. ಹಳೆಯ ಕನ್ಸೋಲನ್ನು ಈಗಿನ ಟಿವಿಗೆ ಜೋಡಿಸಿದರೆ ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಆಗುವುದಕ್ಕೂ ನಡುವೆ ಚೂರು ತಡವಾಗಬಹುದು. ಮೇಲಿನವರು ಹೇಳಿದ ‘ಸರಿಯಾದ ಕ್ಷಣ’ ತಪ್ಪುವುದು ಅಲ್ಲೇ. ಟಿವಿಯ ಗೇಮ್ ಮೋಡ್ ಹಾಕಿ ಆಡಿ.

ನಾನಂತೂ ನನ್ನದೇ ಗೇಮ್‌ಕ್ಯೂಬ್ ಡಿಸ್ಕಿನ ಪ್ರತಿ ತೆಗೆದುಕೊಂಡು ಡಾಲ್ಫಿನ್ ಎಮ್ಯುಲೇಟರ್‌ನಲ್ಲಿ (ಕನ್ಸೋಲ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಆಡಿದೆ. ಪಿಎಸ್‌2ಗೆ ಬಳಸುವ ಪಿಸಿಎಸ್‌ಎಕ್ಸ್2 ಎಂಬ ಎಮ್ಯುಲೇಟರ್ ಕನ್ಸೋಲ್‌ನೊಳಗಿನ ಮೂಲ ತಂತ್ರಾಂಶವಾದ ಬಯೋಸ್ ಫೈಲ್ ಕೇಳುತ್ತದೆ, ಡಾಲ್ಫಿನ್‌ಗೆ ಆ ತಾಪತ್ರಯವಿಲ್ಲ. ಚಿತ್ರವನ್ನು ಮೂಲಕ್ಕಿಂತ ನಿಚ್ಚಳವಾಗಿ ತೋರಿಸುತ್ತದೆ. ನಿಚ್ಚಳವಾದಾಗ ದಾರಿಹೋಕರ ಮುಖಗಳು ಹಿಟ್ಟಿನ ಗೊಂಬೆಗಳಂತೆ ಕಾಣುತ್ತವೆ, ಅದಕ್ಕೆ ಮನಸ್ಸು ಗಟ್ಟಿಮಾಡಿಕೊಳ್ಳಿ.

ಉತ್ತರ 4

ಕೈಯಲ್ಲಿ ಹಿಡಿದು ಆಡುವ ಆವೃತ್ತಿಗಳನ್ನು ಎಲ್ಲರೂ ಅಷ್ಟು ಬೇಗ ತಳ್ಳಿಹಾಕಬೇಡಿ. ನನ್ನ ಬಳಿ ನಿಂಟೆಂಡೊ ಡಿಎಸ್‌ನ ಲೈಟ್ ಮಾದರಿ ಇದೆ. ಅದು ಡಿಎಸ್ ಕಾರ್ಟ್ರಿಜ್ (ಆಟವಿರುವ ಪುಟ್ಟ ಬಿಲ್ಲೆ) ಜೊತೆಗೆ ಅದಕ್ಕೂ ಹಳೆಯ ಯಂತ್ರವಾದ ಗೇಮ್‌ಬಾಯ್ ಅಡ್ವಾನ್ಸ್‌ನ ಕಾರ್ಟ್ರಿಜ್ ಅನ್ನೂ ನುಂಗುತ್ತದೆ, ಹಾಗಾಗಿ ಈ ಆಟದ ಎರಡು ಆವೃತ್ತಿಗಳು ಒಂದೇ ಯಂತ್ರದಲ್ಲಿ ಸಿಗುತ್ತವೆ. ಮುಂದೆ ಬಂದ ಡಿಎಸ್‌ಐ ಮತ್ತು 3ಡಿಎಸ್‌ಗಳಲ್ಲಿ ಅಡ್ವಾನ್ಸ್ ಕಾರ್ಟ್ರಿಜ್‌ಗೆ ಕಿಂಡಿಯೇ ಇಲ್ಲ. ಡಿಎಸ್ ಆವೃತ್ತಿಯಲ್ಲಿ ಪಕ್ಕಪಕ್ಕಕ್ಕೆ ಸಾಗುವ ಹಂತಗಳಿವೆ. ಹತ್ತು ನಿಮಿಷ ಬಿಡುವು ಸಿಕ್ಕಾಗ ತೆಗೆದು ಆಡಲು ನನಗೆ ಅದೇ ಹಿತ. ಹಳೆಯ ಪಿಎಸ್‌ಪಿ ಕೊಳ್ಳುವ ಯೋಚನೆಯಿದ್ದರೆ ಮೊದಲು ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯೇ ನೋಡಿ. ನನ್ನದು ಉಬ್ಬಿ ಮುಚ್ಚಳವನ್ನೇ ಎತ್ತಿಬಿಟ್ಟಿತ್ತು.

ಕೇಳಿದವರಿಂದ ಮತ್ತೆ

ಎಲ್ಲರಿಗೂ ವಂದನೆಗಳು. ಕೈಯಲ್ಲಿ ಹಿಡಿಯುವ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು ಗೇಮ್‌ಕ್ಯೂಬ್ ಆವೃತ್ತಿಯನ್ನೇ ಹಿಡಿದೆ. ಮೂರು ಸಂಜೆ ಆಡಿದರೂ ಕಥೆ ಅಷ್ಟೇನೂ ಮುಂದೆ ಹೋಗಿಲ್ಲ. ಆಟದೊಳಗಿನ ಪಿಜ್ಜಾ ತಲುಪಿಸುವ ಕೆಲಸದಲ್ಲಿ ಎರಡು ಸಲ ಹೊತ್ತು ಮೀರಿತು. ಹಿನ್ನೆಲೆಯಲ್ಲಿ ಮೊಳಗುವ ಆ ಇಟಲಿಯ ಹಾಡಿನ ಧಾಟಿಯನ್ನು ಈಗ ಮನೆಯವರೆಲ್ಲ ಗುನುಗುತ್ತಿದ್ದಾರೆ. ಉತ್ತರ 2 ಬರೆದವರೇ, ಕಿಟಕಿಗೆ ಮುಖ ಕೊಟ್ಟದ್ದಕ್ಕೆ ನಾನು ಲೆಕ್ಕವಿಟ್ಟಿಲ್ಲ. ಆದರೆ ನಿನ್ನೆ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಹಾರಿ, ನೆಲಕ್ಕೆ ಇನ್ನೇನು ತಾಗಬೇಕು ಎನ್ನುವಾಗ ಬಲೆ ಎಸೆದೆ. ಅಂಟಿತು.