ಸಹಾಯ ಬೇಕು: ಹದಿಹರೆಯದವರ ಕಾದಂಬರಿಯ ಹಸ್ತಪ್ರತಿಗೆ ಅನುಭವಿ ಸಂಪಾದಕರು

ಎಲ್ಲರಿಗೂ ನಮಸ್ಕಾರ. 13ರಿಂದ 17 ವರ್ಷದ ಓದುಗರಿಗಾಗಿ ನಾನು ಬರೆದಿರುವ, ಸುಮಾರು 38,000 ಪದಗಳ ಕಾದಂಬರಿಯನ್ನು ಓದಿ, ಸಂಭಾವನೆ ಪಡೆದು, ಲಿಖಿತವಾಗಿ ಅಭಿಪ್ರಾಯ ಕೊಡಬಲ್ಲ ಸಂಪಾದಕರು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕಥೆ ಶಿರಸಿ ಕಡೆಯ ಅಡಿಕೆ ತೋಟದ ಮನೆಯೊಂದರಲ್ಲಿ, ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ದಿನಗಳಲ್ಲಿ ನಡೆಯುತ್ತದೆ. ಎಸ್‌ಎಸ್‌ಎಲ್‌ಸಿ ಓದುತ್ತಿರುವ ಹುಡುಗಿಯೇ ಅದನ್ನು ಹೇಳುತ್ತಾಳೆ. ಹಿಂದೊಮ್ಮೆ ಹಣ ಕೊಟ್ಟು ಓದಿಸಿದಾಗ ಅಲ್ಪಪ್ರಾಣ, ಮಹಾಪ್ರಾಣಗಳಷ್ಟೇ ತಿದ್ದಿ ಬಂದವು (ಅವೂ ಬೇಕಿದ್ದವು, ಇಲ್ಲವೆನ್ನುವುದಿಲ್ಲ). ಈಗ ಬೇಕಿರುವುದು, ಅಜ್ಜಿ ಮತ್ತು ಮೊಮ್ಮಗಳು ಅಡಿಕೆ ಸುಲಿಯುತ್ತ ಆಡುವ ಹವ್ಯಕ ಮಾತು ಬೇರೆ ಊರಿನ ಮಕ್ಕಳಿಗೆ ಅರ್ಥವಾಗುತ್ತದೆಯೇ, ಹುಡುಗಿಯ ದನಿ ಅಲ್ಲಲ್ಲಿ ಮೇಷ್ಟರ ದನಿಯಾಗಿಬಿಟ್ಟಿದೆಯೇ ಎಂಬುದನ್ನು ದಾಕ್ಷಿಣ್ಯವಿಲ್ಲದೆ ಹೇಳುವವರು. ಪ್ರತಿ ಯೂನಿಕೋಡ್‌ನಲ್ಲಿದೆ, ಮೊದಲೆರಡು ಅಧ್ಯಾಯಗಳನ್ನು ಮಾದರಿಗೆ ಕಳಿಸಬಲ್ಲೆ. ಪುಟಕ್ಕೆಷ್ಟು, ಎಷ್ಟು ವಾರ ಬೇಕು ಎಂಬುದನ್ನು ಮೊದಲೇ ತಿಳಿಸಿದರೆ ಉಪಕಾರವಾಗುತ್ತದೆ.