ಅಪ್‌ಡೇಟ್: ‘ಯೋಚಿಸಿ ಹೇಳ್ತೀವಿ’ ಈಗ ಕಡಿಮೆಯಾಗಿದೆ

ಮುಂಬೈನ ಮುಲುಂಡ್‌ನಲ್ಲಿ ಮನೆಮನೆಗೆ ಹೋಗಿ ವಾಟರ್ ಪ್ಯೂರಿಫೈಯರ್ ಮಾರುತ್ತೇನೆ, ಎಲ್ಲರೂ ‘ಯೋಚಿಸಿ ಹೇಳ್ತೀವಿ’ ಅಂತಾರೆ, ಏನು ಮಾಡಲಿ ಎಂದು ಹೋದ ತಿಂಗಳು ಕೇಳಿದ್ದೆ. ‘ಮೊದಲು ಅವರ ಮಾತು ಕೇಳು’ ಎಂದಿದ್ದಿರಿ.

ಈಗ ಬ್ರೋಷರ್ ಹೊರಗೆ ತೆಗೆಯುವುದೇ ಇಲ್ಲ. ನೀರು ಎಲ್ಲಿಂದ ಬರುತ್ತದೆ, ಕಾಯಿಸಿ ಕುಡಿಯುತ್ತೀರಾ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಎಂದು ಕೇಳುತ್ತೇನೆ. ಆಮೇಲೆ ಅವರ ನಲ್ಲಿ ನೀರಿಗೇ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರುವ ಲವಣ ಎಷ್ಟಿದೆ ಎಂದು ತೋರಿಸುವ ಸಾಧನ) ಹಾಕಿ, ಅಂಕಿಯನ್ನು ಅವರಿಂದಲೇ ಓದಿಸುತ್ತೇನೆ.

ಮೊನ್ನೆ ಉಡುಪಿ ಕಡೆಯ ಅಕ್ಕ ಒಬ್ಬರ ಮನೆಯಲ್ಲಿ 70 ಬಂತು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಸರಿ. ಮುಂಬೈಗೆ ಬರುವುದು ಭಾತ್ಸಾ, ವೈತರಣಾದಂಥ ಜಲಾಶಯಗಳ ನೀರು, ಲವಣ ಕಡಿಮೆ ಅಲ್ವಾ? ‘ಅಕ್ಕ, ನಿಮಗೆ ಲವಣ ತೆಗೆಯುವ ಆರ್‌ಓ ಬೇಡ, ಸುಮ್ನೆ ನೀರು ಪೋಲಾಗುತ್ತೆ. ರೋಗಾಣು ಈ ಮೀಟರಿಗೆ ಕಾಣಲ್ಲ, ಅದನ್ನು ಬೆಳಕಿನಿಂದ ಕೊಲ್ಲುವ ಯುವಿ ಪ್ಯೂರಿಫೈಯರ್ ಸಾಕು’ ಎಂದೆ. ಕಮಿಷನ್ ಕಡಿಮೆ ಬಂತು. ಆದರೆ ಅವರೇ ನನ್ನನ್ನು ಪಕ್ಕದ ಮನೆಗೆ ಕರೆದುಕೊಂಡು ಹೋದರು! ನನಗಿಂತ ಜಾಸ್ತಿ ಅವರೇ ಮಾತಾಡಿದರು.

ಬೋರ್‌ವೆಲ್ ನೀರಿನ ಸೊಸೈಟಿಗಳಲ್ಲಿ ಅಂಕಿ ಜಾಸ್ತಿ ಬಂದರೆ ಆರ್‌ಓ ತೋರಿಸುತ್ತೇನೆ. ಬೆಲೆ ಹೇಳಿದ ಮೇಲೆ ಸುಮ್ಮನಿರುವುದು ಮಾತ್ರ ಇನ್ನೂ ಕಷ್ಟ. ಎರಡು ಸಲ ಬಾಯಿ ತಡೆಯದೆ ನಾನೇ ಡಿಸ್ಕೌಂಟ್ ಹೇಳಿಬಿಟ್ಟೆ. ಅಷ್ಟು ವಿವರವಾಗಿ ಬರೆದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.